ಪ್ರೊಪೆಲ್ಲರ್ ಅಡ್ಡಕ್ಕಿರಲಿ

ಬಸವೇಶ್ವರನಗರದಲ್ಲಿ ನಾವು ಹನ್ನೊಂದು ವರ್ಷದಿಂದ ಬಾಡಿಗೆಗಿರೋ ಮನೆ ಓನರ್ ಹೋದ ತಿಂಗಳು ತೀರ್ಕೊಂಡ್ರು. ಓನರ್ ಅಂತ ಬರೆದ್ರೆ ಯಾರೋ ಬೇರೆಯವರ ಥರ ಕಾಣ್ತಾರೆ. ನಾನು ಅವರನ್ನ ಸಾರ್ ಅಂತಿದ್ದೆ, ಇಲ್ಲೂ ಹಂಗೇ ಬರೀತೀನಿ. ಹೆಸರು ಬರೆಯಲ್ಲ. ಹೆಸರು ಅನ್ನೋದು ಮಾಡಿದ ಕೆಲಸದ ಕೆಳಗೆ ಸೈನ್ ಆಗಿ ಇದ್ರೆ ಸಾಕು, ಬಾಕಿ ಕಡೆಯೆಲ್ಲ ಅಲಂಕಾರ ಅಂತಿದ್ರು. ಅವರ ಗೇಟ್ ಮೇಲೂ ಬರೀ ಮನೆ ನಂಬರ್ ಇದೆ, ಹೆಸರಿಲ್ಲ.

ಸಾರ್ ಬೆಂಗಳೂರಿನ ಆ ತುದೀಲಿ ಒಂದು ವಿಮಾನದ ಕಾರ್ಖಾನೇಲಿ ಫಿಟ್ಟರ್ ಆಗಿದ್ರು. ಮೂವತ್ನಾಲ್ಕು ವರ್ಷ ಕಾರ್ಖಾನೆ ಬಸ್ಸು ಹತ್ತಿ ಈ ತುದಿಯಿಂದ ಆ ತುದಿಗೆ ಹೋಗಿ ಬಂದವರು. ರಿಟೈರ್ ಆದ್ಮೇಲೆ ಅವರ ಜೊತೆಯವರೆಲ್ಲ ಪಾರ್ಕಲ್ಲಿ ವಾಕಿಂಗ್ ಶುರು ಮಾಡಿದ್ರಂತೆ. ಇವರು ಮನೇಲಿ ವಿಮಾನ ಕಟ್ಟೋಕೆ ಶುರು ಮಾಡಿದ್ರು.

ಮನೆ ತೋರ್ಸೋಕೆ ಕರ್ಕೊಂಡು ಬಂದ ಬ್ರೋಕರ್ ನಂಗೆ ಇದನ್ನ ಹೇಳಿರ್ಲಿಲ್ಲ. ಕೆಳಗಡೆ ಏನೋ ಸಾಮಾನು ಇಟ್ಕೊಂಡಿದಾರೆ, ನಿಮ್ಗೇನೂ ತೊಂದ್ರೆ ಇಲ್ಲ ಅಂದಿದ್ದ. ಗೇಟ್ ತೆಗೆದ್ರೆ ಕಾರ್ ನಿಲ್ಲಿಸೋ ಶೆಡ್ಡಲ್ಲಿ ರೆಕ್ಕೆ ಇಲ್ಲದ ಪುಟ್ಟ ವಿಮಾನ, ಇಬ್ರು ಕೂರೋವಷ್ಟು. ರೆಕ್ಕೆ ಎರಡನ್ನೂ ಕಾಂಪೌಂಡ್ ಪಕ್ಕದ ಓಣೀಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬಟ್ಟೆ ಹೊದಿಸಿದ್ರು. ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ. ಸಾರ್ ಒಳಗಿಂದ ಬಂದು, ಬೇರೆ ಏನೂ ಮಾತಾಡ್ದೆ, ನಿಮ್ ಗಾಡಿ ಬಾಲದ ಪಕ್ಕ ನಿಲ್ಲಿಸ್ಕೊಳಿ, ಸ್ಟ್ಯಾಂಡ್ ಹಾಕ್ವಾಗ ಹ್ಯಾಂಡಲ್ ಮಾತ್ರ ಈ ಕಡೆ ತಿರುಗಿಸ್ಬೇಡಿ ಅಂದ್ರು. ಅಂದ್ರೆ ಮನೆ ನಮಗೇ ಕೊಟ್ಟಂಗೆ ಅಂತ ಬ್ರೋಕರ್ ಆಮೇಲೆ ಬಿಡಿಸಿ ಹೇಳ್ಬೇಕಾಯ್ತು.

ಅವರು ಯಾರ ಮನೆಗೆ ಹೋದ್ರೂ ಮೊದಲು ಸೀಲಿಂಗ್ ಫ್ಯಾನ್ ನೋಡೋರು. ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂರುವಾಗ್ಲೂ ಅಷ್ಟೆ. ಓಲಾಡೋ ಫ್ಯಾನ್ ಕೆಳಗೆ ಎಲೆ ಹಾಕಿದ್ರೆ ಎದ್ದು ಇನ್ನೊಂದು ಸಾಲಿಗೆ ಹೋಗೋರು. ಅಮ್ಮಾವ್ರಿಗೆ, ಅಂದ್ರೆ ಅವರ ಹೆಂಡತಿಗೆ, ಇದ್ರಿಂದ ಎಷ್ಟೋ ಸಲ ನಾಚಿಕೆ ಆಗಿದೆ. ನಾವು ಮನೆಗೆ ಬಂದ ವಾರದಲ್ಲೇ ನಮ್ ಫ್ಯಾನ್ ಕಟಕಟ ಅನ್ನೋದು ಕೆಳಗೆ ಕೇಳಿ, ಒಂದು ಸ್ಟೂಲು, ಒಂದು ಕೋಲು ಹಿಡ್ಕೊಂಡು ಮೇಲೆ ಬಂದ್ರು. ಕರೆಂಟ್ ಆಫ್ ಮಾಡಿಸಿ, ಕೋಲನ್ನ ಒಂದು ರೆಕ್ಕೆ ತುದೀಗೆ ತಾಗೋ ಹಂಗೆ ನಿಲ್ಸಿ, ನನ್ನ ಕೈಲಿ ಫ್ಯಾನ್ ನಿಧಾನಕ್ಕೆ ತಿರುಗಿಸಿದ್ರು. ಎರಡನೇ ರೆಕ್ಕೆ ಕೋಲಿಗೆ ತಾಗ್ಲಿಲ್ಲ, ಒಂದು ಬೆರಳು ಮೇಲೆ ಹೋಯ್ತು. ಮೂರನೇದು ತಾಗ್ತು. "ನೋಡಿ ರಂಗಪ್ನೋರೆ, ಎಲ್ಲಾ ತುದೀನೂ ಒಂದೇ ದಾರೀಲಿ ಹೋಗ್ಬೇಕು. ಒಬ್ಬ ಫುಟ್‌ಪಾತ್ ಮೇಲೆ, ಒಬ್ಬ ರೋಡಲ್ಲಿ ಹೋಗೋ ಹಂಗಿಲ್ಲ." ಆ ರೆಕ್ಕೆ ಬಗ್ಗಿಸಿ ಸರಿ ಮಾಡಿದ್ರು. ಆಮೇಲೆ ಆ ಫ್ಯಾನ್ ಸದ್ದು ಮಾಡಿಲ್ಲ.

ನಾನು ಹೆಗ್ಗನಹಳ್ಳೀಲಿ ಕಬ್ಬಿಣ ಕಡೆಯೋ ಒಂದು ಲೇತ್ ಶಾಪಲ್ಲಿ ಟರ್ನರ್. ಹುಲಿಯೂರುದುರ್ಗದ ಕಡೆಯವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೆ. ಮೂವತ್ತಾರನೇ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸ್ ಮಾಡ್ಕೊಂಡೆ. ಈ ಮನೆಗೆ ಬಂದ ಮೇಲಿನ ವಿಷಯ ಅದು. ಮಾರ್ಕ್ಸ್ ಕಾರ್ಡ್ ತೋರ್ಸಿ ಅಂತ ಅವರಾಗೇ ಕೇಳಿದ್ರು. ಕನ್ನಡಕ ಹಾಕ್ಕೊಂಡು, ಡ್ರಾಯಿಂಗ್ ಶೀಟ್ ನೋಡೋ ಹಂಗೆ ಮೇಲಿಂದ ಕೆಳಗಿನವರೆಗೂ ಬೆರಳಿಟ್ಟು ನೋಡಿದ್ರು. ಗಣಿತ ಅರವತ್ತೆರಡು ಅಂತ ಜೋರಾಗಿ ಓದಿದ್ರು. ನಾನು ಶಹಬ್ಬಾಸ್ ಅಂತಾರೇನೋ ಅಂದ್ಕೊಂಡೆ. ಅವರು ಅಂದಿದ್ದು, ಹಂಗಾದ್ರೆ ನಾಳೆಯಿಂದ ನಿಮ್ಗೆ ಡ್ರಾಯಿಂಗ್ ಓದೋಕೆ ಹೇಳ್ಕೊಡ್ಬೋದು ಅಂತ. ಹೇಳ್ಕೊಟ್ರು ಕೂಡ. ಭಾನುವಾರ ಭಾನುವಾರ, ವಿಮಾನದ ಬಾಲದ ಪಕ್ಕ ಎರಡು ಸ್ಟೂಲ್ ಹಾಕ್ಕೊಂಡು.

ಅವರು ನನಗೆ ಕೊಟ್ಟ ಮೊದಲನೇ ಕೆಲಸ ಒಂದು ಶಾಫ್ಟು, ದುಂಡನೆ ಉಕ್ಕಿನ ಕಂಬಿ. ಪ್ರೊಪೆಲ್ಲರ್ ಮಧ್ಯದ ತೂತಿಗೆ ತೂರಿಸಿ, ಎರಡು ಕಡೆ ಭಾರ ಸಮ ಇದ್ಯಾ ಅಂತ ನೋಡೋಕೆ. ಮಾಡಿ ತಂದ್ಕೊಟ್ಟೆ. ಅಳತೆ ನೋಡಿ, "ರಂಗಪ್ನೋರೆ, ಇದು ಆಟೋಗೆ ಚೆನ್ನಾಗಿದೆ" ಅಂತ ವಾಪಸ್ ಕೊಟ್ರು. ಇನ್ನೊಂದು ಮಾಡಿದೆ. ಅದು ಟೆಂಪೋಗೆ ಅಂದ್ರು. ಮೂರನೇದು ಮಾಡೋವಾಗ ನಮ್ ಶಾಪಲ್ಲಿ ಎಲ್ಲಾ ನನ್ನ ಸುತ್ತ ನಿಂತು, ಏನಣ್ಣ, ರಾಕೆಟ್ಟಾ ಅಂತ ರೇಗಿಸ್ತಿದ್ರು. ಅದನ್ನ ಕೊಟ್ಟಾಗ ಸಾರ್ ಏನೂ ಅನ್ಲಿಲ್ಲ. ಎಣ್ಣೆ ಬಟ್ಟೇಲಿ ಸುತ್ತಿ ಡ್ರಾಯರಲ್ಲಿಟ್ಟು ಕಾಫಿ ಕುಡೀತಾ ಕೂತ್ರು. ನಾನು ನಿಂತೇ ಇದ್ದೆ. ಅಮ್ಮಾವ್ರು ಲೋಟ ಕೊಡ್ತಾ, ಹೋಗಿ ಮಲಗ್ರೀ, ಇವರು ಮಾತಾಡ್ಲಿಲ್ಲ ಅಂದ್ರೆ ನೀವು ಪಾಸು ಅಂದ್ರು.

ಆ ಪ್ರೊಪೆಲ್ಲರ್ ಬಗ್ಗೆ ಹೇಳ್ಬೇಕು. ಅದು ಕಬ್ಬಿಣದ್ದಲ್ಲ, ಮರದ್ದು. ಮಹಾಗನಿ ಹಲಗೆ ಒಂದರ ಮೇಲೊಂದು ಅಂಟಿಸಿ, ಎರಡು ವರ್ಷ ಕೆತ್ತಿ, ಉಜ್ಜಿ, ಸಾರ್ ತಮ್ಮ ಕೈಯಾರೆ ಮಾಡಿದ್ದು. ಎರಡು ಬ್ಲೇಡು. ಗುರುತಿಗೆ ಬುಡದಲ್ಲಿ ಕನ್ನಡದಲ್ಲಿ ೧, ೨ ಅಂತ ಬರೆದಿದ್ರು. ಅದರ ಮಧ್ಯಭಾಗ ಮುಚ್ಚೋಕೆ ಒಂದು ಅಲ್ಯೂಮಿನಿಯಂ ಟೋಪಿ ಇರುತ್ತೆ, ಚೂಪಾಗಿ, ಗೋಪುರದ ತುದಿ ಥರ. ಅದಕ್ಕೆ ಸ್ಪಿನ್ನರ್ ಅಂತಾರೆ. ಅದರ ಚೂಪಿನ ತುದೀಗೆ ಸಾರ್ ಒಂದು ಬಿಳೀ ಚುಕ್ಕೆ ಇಟ್ಟಿದ್ರು. ಯಾಕೆ ಸಾರ್ ಅಂತ ಕೇಳಿದ್ದಕ್ಕೆ, ಇಂಜಿನ್ ಓಡುವಾಗ ದೂರದಿಂದ ನೋಡಿದ್ರೆ ಆ ಚುಕ್ಕೆ ಚುಕ್ಕೆಯಾಗೇ ಇರ್ಬೇಕು. ಬಳೆ ಥರ ಕಂಡ್ರೆ ಕೂರಿಸಿದವನು ಕೆಲಸ ಕಲ್ತಿಲ್ಲ ಅಂತ ಅರ್ಥ ಅಂದ್ರು.

ಮರದ ಪ್ರೊಪೆಲ್ಲರಿಗೆ ಅವರ ನಿಯಮ ಬಹಳ. ಮುಟ್ಟೋಕೆ ಮುಂಚೆ ಇಂಜಿನ್ ಕೀ ಅವರ ಜೇಬಲ್ಲಿರ್ಬೇಕು. ಅದು ಈಗ್ಲೇ ತಿರುಗುತ್ತೆ ಅಂತ್ಲೇ ತಿಳ್ಕೊಂಡು ಮುಟ್ಬೇಕು. ಬೋಲ್ಟನ್ನ ಕೈ ಅಂದಾಜಲ್ಲಿ ಬಿಗಿ ಮಾಡೋ ಹಂಗಿಲ್ಲ, ಎಷ್ಟು ಬಿಗಿಯಾಯ್ತು ಅಂತ ಮುಳ್ಳು ತೋರ್ಸೋ ಟಾರ್ಕ್ ವ್ರೆಂಚಲ್ಲೇ ಮಾಡ್ಬೇಕು. ಜಾಸ್ತಿ ಬಿಗಿದ್ರೆ ಮರ ನಜ್ಜಾಗುತ್ತೆ, ಕಮ್ಮಿ ಆದ್ರೆ ಅಲ್ಲಾಡಿ, ಉಜ್ಜಿ ಬಿಸಿಯಾಗಿ ಸುಟ್ಟೋಗುತ್ತೆ. ಕಬ್ಬಿಣ ಹೇಳಿದ ಮಾತು ಕೇಳುತ್ತೆ, ಮರ ಇನ್ನೂ ಉಸಿರಾಡ್ತಿರುತ್ತೆ ಅನ್ನೋರು. ಒದ್ದೆ ಕಾಲದಲ್ಲಿ ಉಬ್ಬುತ್ತೆ, ಒಣ ಕಾಲದಲ್ಲಿ ಕುಗ್ಗುತ್ತೆ. ಎಲ್ಲದಕ್ಕಿಂತ ಮುಖ್ಯವಾದ್ದು, ದಿನಾ ಸಾಯಂಕಾಲ ಶೆಡ್ ಬಾಗ್ಲು ಹಾಕೋ ಮುಂಚೆ ಹೇಳೋರು: "ಪ್ರೊಪೆಲ್ಲರ್ ಅಡ್ಡಕ್ಕಿರಲಿ." ಯಾಕೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಅಡ್ಡಕ್ಕಿದ್ರೆ ಯಾರ ತಲೆಗೂ ತಾಗಲ್ಲ, ಅದಕ್ಕಿರ್ಬೇಕು ಅಂದ್ಕೊಂಡಿದ್ದೆ.

ಇನ್ನೊಂದು ಸಂಗತಿ ಅವರು ಒಂದೇ ಸಲ ಹೇಳಿದ್ದು. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದಿನ ಮನೆಗೆ ಬಂದು ಪ್ಯಾಂಟ್ ಬಿಚ್ಚಿದಾಗ ಜೇಬಲ್ಲಿ ಒಂದು ವಾಷರ್ ಸಿಕ್ತಂತೆ. ಯಾವುದೋ ಬೋಲ್ಟಿಗೆ ಹಾಕ್ಬೇಕಿದ್ದಿದ್ದು. ಸೈಕಲ್ ಹತ್ತಿ ಊರು ದಾಟಿ ಸೂಪರ್‌ವೈಸರ್ ಮನೆಗೆ ಹೋಗಿ ಅವರ ಅಂಗೈ ಮೇಲೆ ಅದನ್ನ ಇಟ್ರಂತೆ. ಬೈದ್ರಾ ಸಾರ್ ಅಂದೆ. ಬೈದ್ರು, ಆಮೇಲೆ ಉಪ್ಪಿಟ್ಟು ಕೊಟ್ರು ಅಂದ್ರು. "ವಿಮಾನ ನೆಲದ ಮೇಲಿರೋವರ್ಗೂ ತಪ್ಪು ಹೇಳ್ಕೋಬೋದು ರಂಗಪ್ನೋರೆ. ಮೇಲೆ ಹೋದ್ಮೇಲೆ ಹೇಳೋಕೆ ಯಾರೂ ಇರಲ್ಲ."

ಎರಡು ವರ್ಷದ ಹಿಂದೆ ಅವರ ಬಲಗೈ ನಡುಗೋಕೆ ಶುರು ಆಯ್ತು. ಮೊದ್ಲು ನಮ್ಗೆ ಗೊತ್ತಾಗಿದ್ದು ಅಮ್ಮಾವ್ರು ಕಾಫಿ ಲೋಟಕ್ಕೆ ಅರ್ಧವೇ ಹಾಕೋಕೆ ಶುರು ಮಾಡಿದಾಗ. ಡಾಕ್ಟ್ರು ಮಾತ್ರೆ ಕೊಟ್ರು, ಇದು ನಿಲ್ಲಲ್ಲ, ನಿಧಾನ ಮಾಡ್ಬೋದು ಅಂದ್ರಂತೆ. ಸಾರ್ ಅದನ್ನೂ ಅಳತೆ ಥರಾನೇ ತಗೊಂಡ್ರು. ಈ ಕೈಲಿ ಇನ್ನೊಂದು ವರ್ಷದ ಕೆಲಸ ಇದೆ, ಅಷ್ಟರಲ್ಲಿ ಇಂಜಿನ್ ಮುಂದೆ ಪ್ರೊಪೆಲ್ಲರ್ ತಿರುಗಿದ್ದು ನೋಡಿದ್ರೆ ಸಾಕು ಅಂದ್ರು. ಹಾರಿಸೋ ಆಸೆ ಅವರಿಗಿರ್ಲಿಲ್ಲ, ಹಾರಿಸೋಕೆ ಬರ್ತಾನೂ ಇರ್ಲಿಲ್ಲ. ಅದಕ್ಕೆ ಅವರ ಜೊತೆ ಕೆಲಸ ಮಾಡಿದ್ದೋರ ಮಗಳೊಬ್ರು ಒಪ್ಪಿದ್ರು, ಪೈಲಟ್ ಅವರು. ಒಂದಿನ ಸ್ಕೂಟಿಲಿ ಬಂದು ಸೀಟಲ್ಲಿ ಕೂತು ಕಾಲು ಎಟುಕುತ್ತಾ ಅಂತ ನೋಡಿದ್ರು. ಅಂಕಲ್, ಹಾರನ್ ಎಲ್ಲಿ, ವಿಜಯನಗರ ಸಿಗ್ನಲ್ ದಾಟೋದು ಹೆಂಗೆ ಅಂತ ನಗಿಸಿದ್ರು. ಸಾರ್ ಸೀಟಿಗೆ ಒಂದು ದಿಂಬು ಜಾಸ್ತಿ ಹಾಕಿ, ಅವರ ಎತ್ತರಾನ ಪುಸ್ತಕದಲ್ಲಿ ಬರ್ಕೊಂಡ್ರು. ಮಾಡಿದ್ದು, ಬಿಚ್ಚಿದ್ದು, ಎಲ್ಲಾ ಆ ಪುಸ್ತಕದಲ್ಲಿರೋದು.

ಹೋದ ವರ್ಷ ಅಕ್ಟೋಬರಲ್ಲಿ ಕೊನೆಗೂ ದಿನ ಸಿಕ್ತು. ವಿಮಾನ ಪರೀಕ್ಷೆ ಮಾಡೋ ಇನ್ಸ್‌ಪೆಕ್ಟರ್ ಬಂದು ನೆಲದ ಮೇಲೇ ಇಂಜಿನ್ ಓಡಿಸಿ ನೋಡ್ತಾರೆ ಅಂತ. ಕೆಂಗೇರಿ ಆಚೆ ಸಾರ್ ಸ್ನೇಹಿತರೊಬ್ರ ಜಮೀನಲ್ಲಿ ವ್ಯವಸ್ಥೆ. ಆ ದಿನಕ್ಕೋಸ್ಕರ ಅವರು ತಿಂಗಳುಗಟ್ಲೆ ಕಾಗದ ಬರೆದಿದ್ರು. ಪ್ರೊಪೆಲ್ಲರ್ ಬೋಲ್ಟಿನ ತೂತುಗಳನ್ನ ಹೊಸದಾಗಿ ಸರಿ ಮಾಡಿ, ಒಳಗೆ ನೀರಿಳೀದಂಗೆ ವಾರ್ನಿಷ್ ಹೊಡೆಯೋ ಮುಂಚೆ, ಸುಮ್ನೆ ಅಳತೆ ನೋಡೋಕೆ ಇಂಜಿನ್‌ಗೆ ಸಿಗಿಸಿ ಇಟ್ಟಿದ್ರು. ಮಧ್ಯದಲ್ಲಿ ದಸರಾ ಬಂತು. ಸಾರ್, ಅಮ್ಮಾವ್ರು ಮೂರು ದಿನ ಮೈಸೂರಿಗೆ ಮಗಳ ಮನೆಗೆ ಹೊರಟ್ರು. ಶೆಡ್ ಕೀ ನನ್ನ ಕೈಗೆ ಕೊಟ್ಟು, ಆಯುಧಪೂಜೆ ನೀವೇ ಮಾಡ್ಬಿಡಿ ರಂಗಪ್ನೋರೆ ಅಂದ್ರು. ಕುಂಕುಮ ಇಟ್ಟು ಊದುಬತ್ತಿ ಹಚ್ಚಿ, ಸಾಕು ಅಂದ್ರು.

ಆ ಕೀ ಅವರು ಬೇರೆ ಯಾರಿಗೂ ಕೊಟ್ಟಿದ್ದು ನಾನು ನೋಡಿರ್ಲಿಲ್ಲ. ನಂಗೆ ಅಷ್ಟು ಮಾಡಿದ್ರೆ ಸಾಕು ಅನ್ನಿಸ್ಲಿಲ್ಲ. ಆವತ್ತು ನಮ್ ರೋಡಲ್ಲಿ ಸೈಕಲ್ಲಿಂದ ಹಿಡಿದು ನೀರಿನ ಟ್ಯಾಂಕರ್‌ವರ್ಗೂ ಎಲ್ಲಾ ಗಾಡೀನೂ ತೊಳೆದು ಹಾರ ಹಾಕಿದ್ರು. ನಮ್ಮನೆ ವಿಮಾನ ಧೂಳು ಹಿಡ್ಕೊಂಡು ಕೂತಿದ್ರೆ ಹೆಂಗೆ? ಪೈಪ್ ಎಳ್ದು, ನನ್ನ ಗಾಡಿ ತೊಳೆಯೋ ಶಾಂಪೂ ಹಾಕಿ, ಮೂತಿಯಿಂದ ಬಾಲದವರೆಗೂ ತೊಳೆದೆ. ಸ್ಪಿನ್ನರ್ ಸಂದೀಗೂ ನೀರು ಹೊಡೆದೆ. ಆಮೇಲೆ ಪ್ರೊಪೆಲ್ಲರ್ ಮೇಲಕ್ಕೂ ಕೆಳಕ್ಕೂ ನೆಟ್ಟಗೆ ನಿಲ್ಸಿದೆ, ದೇವರು ನಿಂತಂಗೆ. ಅಡ್ಡಕ್ಕಿದ್ರೆ ಹಾರ ಹಾಕೋಕಾಗಲ್ಲ. ಮಾರ್ಕೆಟ್ಟಿಂದ ತಂದ ಆಳುದ್ದ ಸೇವಂತಿಗೆ ಹಾರ ಹಾಕಿದೆ. ಅದು ಬಾಡ್ಬಾರ್ದು, ಸಾರ್ ಬಂದು ನೋಡ್ಲಿ ಅಂತ ಹೊತ್ತಿಗೊಂದು ಸಲ ನೀರು ಚಿಮುಕಿಸಿದೆ. ಧೂಳು ಕೂರ್ಬಾರ್ದು ಅಂತ ಮೇಲೊಂದು ಪ್ಲಾಸ್ಟಿಕ್ ಶೀಟ್ ಹೊದಿಸಿದೆ. ಮೂರು ದಿನ. ಅವರು ಬರೋ ದಿನ ಬೆಳಗ್ಗೆ ನೋಡಿದ್ರೆ ಹಾರ ಕಪ್ಪಾಗಿ ಅಂಟ್ಕೊಂಡಿತ್ತು. ಇದನ್ನ ತೋರ್ಸೋದು ಬೇಡ ಅಂತ ತೆಗೆದು ಎಸೆದು, ಒರೆಸಿ, ಪ್ರೊಪೆಲ್ಲರ್ ಅಡ್ಡಕ್ಕೆ ತಿರುಗಿಸಿಟ್ಟೆ. ಚೆನ್ನಾಗಿ ಪೂಜೆ ಮಾಡಿದೀರ ಅಂತ ಸಾರ್ ಸ್ಪಿನ್ನರ್ ಮೇಲಿದ್ದ ಕುಂಕುಮ ನೋಡಿ ಅಂದ್ರು. ನಂಗೆ ಖುಷಿ ಆಯ್ತು.

ಮಾರನೇ ದಿನ ಸಾಯಂಕಾಲ ನಾನು ಕೆಲಸದಿಂದ ಬರೋ ಹೊತ್ತಿಗೆ ಸಾರ್ ಪ್ರೊಪೆಲ್ಲರ್ ಬಿಚ್ಚಿಸಿ ಹಾಲಲ್ಲಿ ಇಟ್ಕೊಂಡಿದ್ರು. ಎರಡು ಸ್ಟೂಲ್ ಮೇಲೆ ಎರಡು ಸ್ಟೀಲ್ ಪಟ್ಟಿ, ಅದರ ಮೇಲೆ ನಾನು ಮಾಡಿದ ಶಾಫ್ಟು, ಶಾಫ್ಟಿಗೆ ಪ್ರೊಪೆಲ್ಲರ್. ಭಾರ ಸಮ ಇದ್ರೆ ಹೆಂಗೆ ಬಿಟ್ರೂ ಹಂಗೇ ನಿಲ್ಲುತ್ತೆ. ಹಬ್ಬಕ್ಕೆ ಮುಂಚೆ ಹಂಗೇ ನಿಂತಿತ್ತು, ನಾನೇ ನೋಡಿದ್ದೆ. ಈಗ ೧ ಅಂತ ಬರೆದ ಬ್ಲೇಡ್ ನಿಧಾನಕ್ಕೆ ಕೆಳಗಿಳೀತು. ಸಾರ್ ಮತ್ತೆ ಅಡ್ಡ ಇಟ್ರು. ಮತ್ತೆ ಇಳೀತು. ಮೂರು ದಿನ ಕೆಳಗಡೆ ಇದ್ದದ್ದು ಆ ಬ್ಲೇಡೇ.

ತೂತು ಸರಿ ಮಾಡಿದೀನಲ್ಲ, ಅದರಿಂದ ಇರ್ಬೇಕು ಅಂತ ಸಾರ್ ಲೆಕ್ಕ ಹಾಕಿದ್ರು. ಮರ ನೀರು ಕುಡಿದ್ರೂ ಹಿಂಗಾಗುತ್ತೆ, ನೆಟ್ಟಗೆ ನಿಂತಿದ್ರೆ ನೀರೆಲ್ಲ ಕೆಳಗಿನ ಬ್ಲೇಡಿಗೆ ಇಳಿಯುತ್ತೆ, ಅದಕ್ಕೇ ಅಡ್ಡಕ್ಕಿಡೋದು. ಆದ್ರೆ ನಮ್ ಶೆಡ್ಡಲ್ಲಿ ನೀರೆಲ್ಲಿಂದ ಬರುತ್ತೆ ಅಂತ ತಮ್ಮಷ್ಟಕ್ಕೇ ಹೇಳ್ಕೊಂಡ್ರು. ಹಗುರ ಇರೋ ೨ನೇ ಬ್ಲೇಡ್ ತುದೀಗೆ ಒಂದು ಕೈ ವಾರ್ನಿಷ್ ಜಾಸ್ತಿ ಹೊಡೆದ್ರೆ ಸಮ ಆಗುತ್ತೆ, ಇನ್ಸ್‌ಪೆಕ್ಟರ್ ಬರೋಕೆ ನಾಲ್ಕು ದಿನ ಇದೆ, ಒಣಗುತ್ತೆ ಅಂತ ಬ್ರಷ್ ತಗೊಂಡ್ರು. ನನ್ನ ಕೈಗೆ ವಾರ್ನಿಷ್ ಡಬ್ಬಿ ಕೊಟ್ರು.

ಅಡ್ಡಕ್ಕಿಡೋದು ಯಾಕೆ ಅಂತ ನಂಗೆ ಗೊತ್ತಾಗಿದ್ದು ಆವಾಗ. ಉಳಿದಿದ್ದನ್ನ ಅವರೇ ಮೊದ್ಲು ಹೇಳ್ಕೊಟ್ಟಿದ್ರು. ಕುಡಿದ ನೀರು ಇವತ್ತಲ್ಲ ನಾಳೆ ಒಣಗುತ್ತೆ. ಒಣಗಿದ ದಿನ ವಾರ್ನಿಷ್ ಹೊಡೆದ ಕಡೆ ಭಾರ ಆಗುತ್ತೆ. ಮರ ಕುಗ್ಗಿ ಬೋಲ್ಟ್ ಸಡಿಲ ಆಗುತ್ತೆ. ಆವತ್ತು ಆ ಸೀಟಲ್ಲಿ, ಆ ದಿಂಬಿನ ಮೇಲೆ ಯಾರು ಕೂತಿರ್ತಾರೆ ಅಂತಾನೂ ನಂಗೆ ಗೊತ್ತಿತ್ತು. ಹೇಳಿದ್ರೆ ಸಾರ್ ಈ ದಿನ ಬಿಟ್ಟು ಬಿಡ್ತಾರೆ, ಮತ್ತೆ ದಿನ ಸಿಗೋ ಹೊತ್ತಿಗೆ ಅವರ ಕೈ ಏನಾಗಿರುತ್ತೋ. ಅದೂ ಗೊತ್ತಿತ್ತು. ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಅವರು ಬ್ರಷ್ ಅದ್ದಿದ್ರು. ಬ್ರಷ್ ತುದಿ ಗಡಗಡ ನಡುಗ್ತಿತ್ತು.

"ಸಾರ್, ನೀರು ನಾನೇ ಹಾಕಿದ್ದು."

ಬ್ರಷ್ ಮರಕ್ಕೆ ಒಂದು ಬೆರಳು ದೂರದಲ್ಲಿ ನಿಂತ್ಕೊಂಡ್ತು.

"ಎಷ್ಟು?"

"ಪೈಪಲ್ಲಿ ಸಾರ್. ಶಾಂಪೂ ಹಾಕಿ ತೊಳೆದೆ."

ಅಡುಗೆ ಮನೇಲಿ ಅಮ್ಮಾವ್ರು ಕಿಸಕ್ಕನೆ ನಕ್ಕಿದ್ದು ಕೇಳಿಸ್ತು. ಆಮೇಲೆ ಹಾಲಲ್ಲಿ ಯಾರೂ ನಗ್ತಿಲ್ಲ ಅಂತ ಗೊತ್ತಾಗಿ ಅವರೂ ಸುಮ್ನಾದ್ರು.

"ತೊಳೆದು ನೆಟ್ಟಗೆ ನಿಲ್ಸಿದ್ಯಾ?"

"ಹಾರ ಹಾಕೋಕೆ ಸಾರ್. ಮೂರು ದಿನ."

ಅಷ್ಟು ವರ್ಷದಲ್ಲಿ ಅವರು ನನ್ನ ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಬೈಗುಳ ಅನ್ನಿಸ್ಲಿಲ್ಲ ನಂಗೆ. ನಮ್ಮಪ್ಪ ಕೇಳಿದಂಗಿತ್ತು. ಸಾರ್ ಬ್ರಷ್ಷನ್ನ ಬಟ್ಟೇಲಿ ಒರೆಸಿ, ಡಬ್ಬಿಗೆ ಮುಚ್ಚಳ ಹಾಕಿ ಅಂದ್ರು. ಎದ್ದು ಹೋಗಿ ಫೋನ್ ತಗೊಂಡ್ರು. ಇನ್ಸ್‌ಪೆಕ್ಟರ್‌ಗೆ ಅವರು ಹೇಳಿದ್ದು ನಾನು ಅಲ್ಲೇ ನಿಂತು ಕೇಳಿಸ್ಕೊಂಡೆ. ಪ್ರೊಪೆಲ್ಲರ್‌ಗೆ ನೀರು ತಗುಲಿದೆ, ಒಣಗೋವರ್ಗೂ ಓಡಿಸಲ್ಲ, ನನ್ನ ಕಡೆಯಿಂದಾನೇ ತಪ್ಪಾಗಿದೆ, ದಿನ ಮುಂದಕ್ಕೆ ಹಾಕ್ಕೊಳಿ. ಎಷ್ಟು ದಿನ ಅಂತ ಆ ಕಡೆಯಿಂದ ಕೇಳಿದ್ರು ಅನ್ಸುತ್ತೆ. ಅದು ಮರಕ್ಕೆ ಗೊತ್ತು ಅಂದ್ರು. ಫೋನ್ ಇಟ್ಟು ನನ್ನ ಕಡೆ ನೋಡಿ, ಊಟ ಆಯ್ತಾ ರಂಗಪ್ನೋರೆ ಅಂದ್ರು. ಆಗಿರ್ಲಿಲ್ಲ. ಆವತ್ತು ಅಲ್ಲೇ ಊಟ ಮಾಡಿದೆ. ನಾನು ಮೊದ್ಲು ಹಾಕಿದ್ದನ್ನೇ ಕಲಸ್ತಾ ಕೂತಿದ್ದೆ. ಸಾರ್ ಎರಡನೇ ಸಲ ಸಾರು ಹಾಕಿಸ್ಕೊಂಡು ಊಟ ಮಾಡಿದ್ರು.

ಆಮೇಲೆ ಮೂರು ತಿಂಗಳು ಆ ಪ್ರೊಪೆಲ್ಲರ್ ಅವರ ಹಾಲಲ್ಲೇ ಇತ್ತು, ಎರಡು ಕುರ್ಚಿ ಮೇಲೆ, ಕೆಳಗೆ ಹಳೇ ಕಾಟನ್ ಸೀರೆ. ಬಿಸಿಲಿಗಿಟ್ರೆ ಸೀಳುತ್ತೆ ಅಂತ ನೆರಳಲ್ಲೇ. ದಿನಾ ಬೆಳಗ್ಗೆ ಮಗ್ಗಲು ಬದಲಾಯಿಸಿ ಇಡೋರು. ಬಂದ ನೆಂಟರಿಗೆ ಕೂರೋಕೆ ಜಾಗ ಇಲ್ಲ. ಬಾಣಂತಿ ಕೋಣೆ ಆಗಿದೆ ನಮ್ ಹಾಲು, ಸಾಂಬ್ರಾಣಿ ಹೊಗೆ ಒಂದು ಕಮ್ಮಿ ಅಂತ ಅಮ್ಮಾವ್ರು ರೇಗಿಸೋರು. ವಾರಕ್ಕೊಂದು ಸಲ ನಾನು ಶಾಫ್ಟ್ ಹಾಕಿ ನೋಡ್ಬೇಕು. ೧ ಇಳಿಯೋದು. ಇಳಿಯೋದು ನಿಧಾನ ಆಗ್ತಾ ಬಂತು. ಆ ಕಡೆ ಸಾರ್ ಕೈ ನಡುಕ ಜಾಸ್ತಿ ಆಗ್ತಾ ಬಂತು. ಷರಟಿನ ಗುಂಡಿ ಅಮ್ಮಾವ್ರು ಹಾಕೋ ಹಂಗಾಯ್ತು. ಎರಡನ್ನೂ ನಾನು ಒಟ್ಟೊಟ್ಟಿಗೆ ನೋಡ್ತಿದ್ದೆ. ಸಾರ್ ನನ್ನ ಮುಖ ನೋಡಿ ಒಂದಿನ, ನೀವು ಹಂಗೆ ಕೂರ್ಬೇಡಿ, ನಾನು ಅವಸರದಲ್ಲಿ ವಾರ್ನಿಷ್ ಹೊಡೆಯೋಕೆ ಹೋಗಿದ್ದೆ ನೋಡಿ, ಅದು ನಿಮ್ ಶಾಂಪೂಗಿಂತ ದೊಡ್ಡ ತಪ್ಪು ಅಂದ್ರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಪ್ರೊಪೆಲ್ಲರ್ ಅಡ್ಡ ಬಿಟ್ರೆ ಅಡ್ಡ ನಿಂತಿತು, ಓರೆ ಬಿಟ್ರೆ ಓರೆ ನಿಂತಿತು. ಸಾರ್ ಏನೂ ಮಾತಾಡ್ಲಿಲ್ಲ. ಕಾಫಿ ಕೇಳಿದ್ರು.

ತೂತುಗಳಿಗೆಲ್ಲ ವಾರ್ನಿಷ್ ಹೊಡೆದು ಒಣಗಿಸಿದ್ವಿ. ಹೊಸ ದಿನ ಸಿಕ್ತು. ಹಿಂದಿನ ದಿನಾನೇ ವಿಮಾನದ ಮೈಯನ್ನ ಸಣ್ಣ ಲಾರೀಲಿ ಕೆಂಗೇರಿ ಆಚೆ ಜಮೀನಿಗೆ ಸಾಗಿಸಿದ್ವಿ. ಪ್ರೊಪೆಲ್ಲರ್ ಮಾತ್ರ ಬೇರೆ, ಸೀರೇಲಿ ಸುತ್ತಿ, ಹಾಸಿಗೆ ಮೇಲಿಟ್ಟು. ಸಾರ್ ಲಾರಿ ಹಿಂದೆ ಅದರ ಪಕ್ಕಾನೇ ಕೂತು ಬಂದ್ರು. ಅಲ್ಲಿ ಹೋಗಿ ಕುರ್ಚಿ ಹಾಕ್ಕೊಂಡು ಕೂತು, ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು, ಹೂಂ ರಂಗಪ್ನೋರೆ, ನಾನು ಮುಟ್ಟಲ್ಲ ಅಂದ್ರು.

ಕೀ ಅವರ ಜೇಬಲ್ಲಿದ್ಯಾ ಅಂತ ನಾನು ಕೇಳಿದೆ. ಅವರು ಜೇಬು ತಟ್ಟಿ ನಕ್ಕರು. ಮೊದಲು ಸ್ಪಿನ್ನರಿನ ಹಿಂದಿನ ತಟ್ಟೆ, ಅದರ ಮೇಲೆ ಪ್ರೊಪೆಲ್ಲರ್, ಮುಂದೆ ಒತ್ತು ತಟ್ಟೆ, ಆರು ಬೋಲ್ಟು. ಆರಕ್ಕೂ ವಾಷರ್ ಹಾಕಿದ್ಮೇಲೆ ಜೇಬು ತಡವಿ ನೋಡ್ಕೊಂಡೆ. ಒಂದು ಬಿಗಿ ಮಾಡಿದ್ರೆ ಮುಂದಿನದು ಅದರ ಎದುರಿನದು, ಸ್ವಲ್ಪ ಸ್ವಲ್ಪವೇ, ಮುಳ್ಳು ನೋಡ್ಕೊಂಡು. ಪ್ರತಿ ಸುತ್ತಿಗೂ ಎಷ್ಟು ಅಂತ ಅವರು ಕೇಳೋರು, ನಾನು ಹೇಳ್ತಿದ್ದೆ. ಆಮೇಲೆ ಬ್ಲೇಡ್ ತುದೀಗೆ ಕೋಲು ನಿಲ್ಸಿ ತಿರುಗಿಸಿದೆ, ನಮ್ಮನೆ ಫ್ಯಾನಿಗೆ ಮಾಡಿದಂಗೇನೆ. ಎರಡನೇ ತುದಿ ಕೋಲಿಗೆ ಬಂದಾಗ ಮಧ್ಯ ಒಂದು ವಿಸಿಟಿಂಗ್ ಕಾರ್ಡ್ ತೂರೋವಷ್ಟು ಸಂದಿ ಇತ್ತು. ಪರ್ವಾಗಿಲ್ವಾ ಸಾರ್ ಅಂದೆ. ನಿಯಮದ ಪುಸ್ತಕದ ಪ್ರಕಾರ ಪರ್ವಾಗಿಲ್ಲ ಅಂದ್ರು. ನಾನು ಅವರ ಮುಖ ನೋಡಿದೆ. ಬಿಚ್ಚಿ, ತಟ್ಟೆ ಮೇಲಿದ್ದ ಒಂದು ಮರಳು ಕಣ ಒರೆಸಿ, ಮತ್ತೆ ಮೊದಲಿಂದ ಹಾಕಿದೆ. ಕಾರ್ಡ್ ತೂರ್ಲಿಲ್ಲ.

ಬೋಲ್ಟ್ ತಲೆಗಳಿಗೆ ತಂತಿ ಪೋಣಿಸಿ ಹುರಿ ಮಾಡಿ ಕಟ್ಟಿದೆ. ಒಂದು ಸಡಿಲ ಆಗೋಕೆ ಹೋದ್ರೆ ಪಕ್ಕದ್ದು ಅದನ್ನ ಎಳೆದು ಹಿಡಿಯುತ್ತೆ. ಆ ಹುರಿ ಸಾರ್ ಹಾಕಿದ್ರೆ ಸರ ಇದ್ದಂಗಿರೋದು. ನಂದು ಅಷ್ಟು ಚಂದ ಬರ್ಲಿಲ್ಲ. ಕೊನೇಗೆ ಸ್ಪಿನ್ನರ್ ಟೋಪಿ, ಗುರುತಿಗೆ ಗುರುತು ಸೇರಿಸಿ, ಸುತ್ತ ಸಣ್ಣ ಸ್ಕ್ರೂ. ತುದಿ ಹತ್ರ ಒಂದು ಕಡ್ಡಿ ನಿಲ್ಸಿ ತಿರುಗಿಸಿ, ಚುಕ್ಕೆ ಅಲ್ಲಾಡ್ತಾ ಇಲ್ಲ ಅಂತ ನೋಡಿದೆ. ಒಂದು ಸ್ಕ್ರೂ ಜಾಸ್ತಿ ಬಿಗಿಯಾಗಿದೆ, ಅರ್ಧ ಸುತ್ತು ಬಿಡಿ ಅಂತ ಸಾರ್ ಕೂತಲ್ಲಿಂದ್ಲೇ ಅಂದ್ರು. ಹೆಂಗೆ ಗೊತ್ತಾಯ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.

ತಾವು ಎಲ್ಲಾ ಬರ್ದಿಡೋ ಪುಸ್ತಕ ಕೊಟ್ಟು ಬರೀರಿ ಅಂದ್ರು. ಪ್ರೊಪೆಲ್ಲರ್ ಮತ್ತು ಸ್ಪಿನ್ನರ್ ಕೂರಿಸಿದೆ ಅಂತ ಕನ್ನಡದಲ್ಲೇ ಬರೆದು ಸೈನ್ ಮಾಡಿದೆ. ಮಾಡುವಾಗ ಎದುರು ಪುಟ ಕಣ್ಣಿಗೆ ಬಿತ್ತು, ಅಕ್ಟೋಬರ್ ತಿಂಗಳದ್ದು. ಅವರ ನಡುಗೋ ಅಕ್ಷರದಲ್ಲಿ ಇತ್ತು: ಪ್ರೊಪೆಲ್ಲರ್ ನೀರು ಕುಡಿದಿದೆ. ಅಡ್ಡಕ್ಕಿಡಬೇಕು ಎಂದು ಹೇಳಿದ್ದೆ, ಏಕೆ ಎಂದು ಹೇಳಿಕೊಟ್ಟಿರಲಿಲ್ಲ. ಕೆಳಗೆ ಅವರ ಸೈನ್. ನನ್ನ ಹೆಸರು ಎಲ್ಲೂ ಇರ್ಲಿಲ್ಲ. ನಾನು ಸೈನ್ ಮಾಡಿದ ಈ ಪುಟದಲ್ಲಿ ಮಾತ್ರ ಇತ್ತು.

ಮಾರನೇ ದಿನ ಬೆಳಗ್ಗೆ ಇನ್ಸ್‌ಪೆಕ್ಟರ್ ಬಂದು ಎಲ್ಲಾ ನೋಡಿದ್ರು. ಚಕ್ರಕ್ಕೆ ದಿಮ್ಮಿ ಕೊಟ್ಟು, ಬಾಲಾನ ಕಂಬಕ್ಕೆ ಕಟ್ಟಿದ್ವಿ. ಒಳಗೆ ಆ ಪೈಲಟ್ ಮೇಡಂ ಕೂತ್ರು, ದಿಂಬಿನ ಮೇಲೆ. ಸಾರ್ ಪ್ರೊಪೆಲ್ಲರ್ ಪಕ್ಕದ ನೇರಕ್ಕೆ ಯಾರೂ ನಿಲ್ಬಾರ್ದು ಅಂತ ಎಲ್ಲರನ್ನೂ ಹಿಂದಕ್ಕೆ ಕಳಿಸಿ, ತಾವು ಮುಂದೆ ಬಹಳ ದೂರದಲ್ಲಿ, ಒಂದು ಹುಣಸೆ ಮರದ ಕೆಳಗೆ ನಿಂತ್ರು. ನಾನು ಅವರ ತೋಳು ಹಿಡ್ಕೊಂಡಿದ್ದೆ. ಇಂಜಿನ್ ಎರಡು ಸಲ ಕೆಮ್ಮಿ ಹತ್ಕೊಂಡ್ತು. ಬ್ಲೇಡು ಮಾಯ ಆಯ್ತು. ಹುಲ್ಲೆಲ್ಲ ಹಿಂದಕ್ಕೆ ಮಲಗ್ತು.

"ಕಾಣಿಸ್ತಿದ್ಯಾ? ನನ್ನ ಕಣ್ಣಿಗೆ ಅಷ್ಟು ದೂರ ಎಟುಕಲ್ಲ."

"ಕಾಣಿಸ್ತಿದೆ ಸಾರ್. ಚುಕ್ಕೇನೇ."

"ಸರಿಯಾಗಿ ನೋಡಿ ಹೇಳಿ."

"ಚುಕ್ಕೇನೇ ಸಾರ್. ಬಳೆ ಇಲ್ಲ."

ಅವರು ತಲೆ ಆಡಿಸಿದ್ರು. ಇಂಜಿನ್ ನಿಲ್ಲೋವರ್ಗೂ ಮತ್ತೆ ಮಾತಾಡ್ಲಿಲ್ಲ. ನಾನು ಹಿಡ್ಕೊಂಡಿದ್ದ ತೋಳು ನಡುಗ್ತಾನೇ ಇತ್ತು. 

ರೆಕ್ಕೆ ಕೆಲಸ ಬಾಕಿ ಇದ್ದಿದ್ರಿಂದ ವಿಮಾನ ವಾಪಸ್ ಶೆಡ್ಡಿಗೆ ಬಂತು, ಪ್ರೊಪೆಲ್ಲರ್ ನಾನೇ ಬಿಚ್ಚಿ ತಂದು ನಾನೇ ಹಾಕಿದೆ. ಹಾರೋಕೆ ಪರ್ಮಿಷನ್ ಇನ್ನೂ ಬರ್ಬೇಕು. ಅಷ್ಟರಲ್ಲಿ ಹೋದ ತಿಂಗಳು ಸಾರ್ ನಿದ್ದೆಯಲ್ಲೇ ಹೋದ್ರು.

ಆವತ್ತು ಮನೆ ತುಂಬಾ ಜನ. ಮೈಸೂರಿಂದ ಬಂದ ಅಳಿಯ ಒಳ್ಳೇವರು, ಮಾವ ಜೀವ ಇಟ್ಟಿದ್ದು ಇದರ ಮೇಲೆ ಅಂತ ಶೆಡ್ಡಿಗೆ ಹೋಗಿ, ಪ್ರೊಪೆಲ್ಲರ್ ನೆಟ್ಟಗೆ ನಿಲ್ಸಿ, ದೊಡ್ಡ ಹಾರ ಹಾಕಿದ್ರು. ಹಾರ ಒದ್ದೆ ಇತ್ತು, ಹೂವಿಂದ ನೀರು ಬ್ಲೇಡ್ ಮೇಲೆ ಇಳೀತಿತ್ತು. ಬಂದವರೆಲ್ಲ ಅದಕ್ಕೂ ಕೈ ಮುಗಿದು ಹೋದ್ರು. ನಾನು ಏನು ಹೇಳ್ಲಿ. ಆ ದಿನ ಹೇಳೋ ಮಾತಲ್ಲ.

ಎಲ್ಲಾ ಮುಗಿಸ್ಕೊಂಡು ವಾಪಸ್ ಬಂದು ಸ್ನಾನ ಮಾಡಿದ್ಮೇಲೆ, ಸಾಯಂಕಾಲ ಜನ ಕಮ್ಮಿ ಆದಾಗ ಶೆಡ್ಡಿಗೆ ಹೋದೆ. ಹಾರ ತೆಗೆದು, ಎಸೀಲಿಲ್ಲ, ಮಡಚಿ ಸಾರ್ ಕೂರ್ತಿದ್ದ ಸ್ಟೂಲ್ ಮೇಲಿಟ್ಟೆ. ಒಣಬಟ್ಟೇಲಿ ಬುಡದಿಂದ ತುದಿವರ್ಗೂ ಒರೆಸಿದೆ. ಸ್ಪಿನ್ನರ್ ಸಂದೀಲಿ ಸಿಕ್ಕಿದ್ದ ಎಸಳು ತೆಗೆದೆ. ಪ್ರೊಪೆಲ್ಲರ್ ಅಡ್ಡಕ್ಕೆ ತಿರುಗಿಸಿ, ಕಣ್ಣಲ್ಲೇ ಅಳತೆ ನೋಡಿ ಬಿಟ್ಟೆ.

ಹಿಂದೆ ಬಾಗ್ಲಲ್ಲಿ ಅಮ್ಮಾವ್ರು ಬಂದು ನಿಂತಿದ್ದು ನಂಗೆ ಗೊತ್ತಿರ್ಲಿಲ್ಲ. ಹಾರ ತೆಗೆದಿದ್ದಕ್ಕೆ ಏನಂದ್ಕೊಳ್ತಾರೋ ಅಂತ ತಲೆ ತಗ್ಗಿಸ್ಕೊಂಡು ನಿಂತೆ. ಅವರು ಪ್ರೊಪೆಲ್ಲರ್ ನೋಡಿದ್ರು.

"ಎಡಗಡೆ ಒಂಚೂರು ತಗ್ಗಿದೆ ನೋಡಿ ರಂಗಪ್ನೋರೆ" ಅಂದ್ರು.

ಒಂದು ಬೆರಳಷ್ಟು ಎತ್ತಿದೆ.